ಹಡಗೇರಿ ಬರುವ ಹಳೆಯ ಗಾಡಿಗಳು

(ಬಳಗದ ವಾರ್ಷಿಕ ಸಭೆಯಲ್ಲಿ ಗ್ರಾಮಸ್ಥರು ಹಾಗೂ ಕಾಲೇಜು ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ಪರಿಸರದ ಸಭೆಯೆಂದರೆ ಕಾಡು, ನದಿ, ಗಣಿ, ಅಣೆಕಟ್ಟುಗಳ ಮಾತು ಬರುವುದು ವಾಡಿಕೆ. ಇಂದು ನಾನು ಎತ್ತಿಕೊಂಡಿರುವುದು ಹಳೆಯ ಮೋಟಾರು ಗಾಡಿಗಳ ವಿಷಯ. ಮಣ್ಣು, ಬೆಳೆ ಎಂದು ಓಡಾಡುವವನಿಗೆ ಇದರ ಗೊಡವೆ ಏಕೆಂದು ಕೆಲವರಿಗೆ ಅನ್ನಿಸಬಹುದು. ಬೆಳೆದ ಶುಂಠಿ ಸಂತೆಗೆ ತಲುಪದಿದ್ದರೆ ಬೆಳೆದೂ ಫಲವಿಲ್ಲ. ಗುಡ್ಡಗಾಡಿನಲ್ಲಿ ಅದನ್ನು ತಲುಪಿಸುವುದು ಗಾಡಿಯೇ. ಆದ್ದರಿಂದ ಗಾಡಿಯ ಪ್ರಶ್ನೆ ಕೃಷಿಯ ಪ್ರಶ್ನೆಯೂ ಹೌದು.

ಈ ವಿಷಯವನ್ನು ಆರಿಸಿಕೊಳ್ಳಲು ಒಂದು ತಕ್ಷಣದ ಕಾರಣವಿದೆ. ನಮ್ಮ ಊರುಗಳ ಕೆಲವು ಯುವಕರು ಬಳಗದ ಮುಂದೆ ಒಂದು ಯೋಜನೆಯನ್ನು ಇಟ್ಟಿದ್ದಾರೆ. ದೆಹಲಿಯ ಕಡೆಯಿಂದ ಅಗ್ಗಕ್ಕೆ ಬರುವ ಹಳೆಯ ಡೀಸೆಲ್ ಗಾಡಿಗಳನ್ನು ಕೊಳ್ಳುವುದು, ಹಿಂಬದಿಯನ್ನು ಕತ್ತರಿಸಿ ಪಿಕಪ್‌ನಂತೆ ಮಾಡಿಕೊಳ್ಳುವುದು, ಬೆಳಿಗ್ಗೆ ಶಾಲೆಯ ಮಕ್ಕಳನ್ನೂ ಹಗಲು ಹೊತ್ತು ಬಾಳೆಗೊನೆ, ಅಡಿಕೆ ಮೂಟೆಗಳನ್ನೂ ಸಾಗಿಸುವುದು. ಬಸ್ಸು ದಿನಕ್ಕೆ ಎರಡೇ ಸಲ ಬರುವ ಊರಿನಲ್ಲಿ ಇಂತಹ ಯೋಚನೆ ಹುಟ್ಟಿದ್ದು ತಪ್ಪಲ್ಲ. ಅದನ್ನು ಆಡಿಕೊಳ್ಳುವ ಹಕ್ಕು ಮನೆಯಂಗಳದಲ್ಲಿ ಎರಡು ಕಾರು ನಿಲ್ಲಿಸಿಕೊಂಡವರಿಗಂತೂ ಇಲ್ಲ. ಆದರೆ ಈ ದಾರಿಯಲ್ಲಿ ನಮಗಿಂತ ಬಹಳ ಮುಂಚೆ ನಡೆದುಹೋದ ದೇಶಗಳಿವೆ. ಅವರ ಅನುಭವವನ್ನು ನೋಡಿ ಅನಂತರ ತೀರ್ಮಾನಿಸೋಣ ಎಂಬುದು ನನ್ನ ವಿನಂತಿ.

ಗಾಡಿ ತನ್ನ ದೇಶವನ್ನು ಏಕೆ ಬಿಡುತ್ತದೆ?

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2020ರಲ್ಲಿ ಬಳಸಿದ ವಾಹನಗಳ ಜಾಗತಿಕ ವ್ಯಾಪಾರದ ಕುರಿತು ಒಂದು ವರದಿಯನ್ನು ಪ್ರಕಟಿಸಿತು. ಅದರ ಪ್ರಕಾರ 2015ರಿಂದ 2018ರವರೆಗೆ ಜಗತ್ತಿನಲ್ಲಿ ಸುಮಾರು 1.4 ಕೋಟಿ ಬಳಸಿದ ಲಘು ವಾಹನಗಳು ರಫ್ತಾದವು. ಕಳುಹಿಸಿದವರಲ್ಲಿ ಪ್ರಮುಖರು ಯುರೋಪಿನ ಒಕ್ಕೂಟ, ಜಪಾನ್ ಮತ್ತು ಅಮೆರಿಕ. ಇವುಗಳಲ್ಲಿ ಪ್ರತಿಶತ 80ರಷ್ಟು ಕಡಿಮೆ ಹಾಗೂ ಮಧ್ಯಮ ಆದಾಯದ ದೇಶಗಳನ್ನು ಸೇರಿದವು. ಅತಿ ಹೆಚ್ಚಿನ ಪಾಲು ಆಫ್ರಿಕಾ ಖಂಡಕ್ಕೆ ಹೋಯಿತು. ಪರಿಶೀಲಿಸಿದ 146 ದೇಶಗಳಲ್ಲಿ ಸುಮಾರು ಮೂರನೆಯ ಎರಡು ಭಾಗದಷ್ಟು ದೇಶಗಳ ಆಮದು ನಿಯಮಗಳು ದುರ್ಬಲವಾಗಿದ್ದವು.

ಜಪಾನಿನ ಉದಾಹರಣೆಯನ್ನು ಸ್ವಲ್ಪ ವಿವರವಾಗಿ ನೋಡೋಣ. ಅಲ್ಲಿ ಹಳೆಯ ಕಾರನ್ನು ಕಾನೂನೇ ರಸ್ತೆಯಿಂದ ಹೊರಗೆ ಹಾಕುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಅದು ನಿಜವಲ್ಲ. ಹೊರಗೆ ಹಾಕುವುದು ಕಾನೂನಲ್ಲ, ಖರ್ಚು. ಖಾಸಗಿ ಕಾರೊಂದು ಮೂರು ವರ್ಷ ತುಂಬಿದಾಗ ಮೊದಲ ಸಲ, ಅನಂತರ ಎರಡು ವರ್ಷಕ್ಕೊಮ್ಮೆ, ‘ಶಾಕೆನ್’ ಎಂಬ ಕಟ್ಟುನಿಟ್ಟಿನ ತಪಾಸಣೆಯನ್ನು ದಾಟಬೇಕು. ತಪಾಸಣೆಗೆ ಮುನ್ನ ಸವೆದ ಭಾಗಗಳನ್ನೆಲ್ಲ ಬದಲಾಯಿಸಬೇಕು. 13 ವರ್ಷ ಕಳೆದ ಪೆಟ್ರೋಲ್ ಕಾರಿಗೆ ತೆರಿಗೆಯೂ ಏರುತ್ತದೆ. ಇಷ್ಟೆಲ್ಲ ವೆಚ್ಚ ಮಾಡುವುದಕ್ಕಿಂತ ಹರಾಜಿಗೆ ಹಾಕಿ ಹೊಸದನ್ನು ಕೊಳ್ಳುವುದೇ ಲೇಸೆಂದು ಮಾಲೀಕ ಭಾವಿಸುತ್ತಾನೆ. ಹರಾಜಿನಲ್ಲಿ ಹಿಡಿದ ಗಾಡಿ ಯೊಕೊಹಾಮ, ನಗೋಯಾಗಳ ಬಂದರಿನಿಂದ ಹಡಗೇರುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಜಪಾನಿನಲ್ಲಿ 2005ರ ಜನವರಿಯಿಂದ ವಾಹನಗಳ ಮರುಬಳಕೆ ಕಾಯ್ದೆ ಜಾರಿಯಲ್ಲಿದೆ. ಗಾಡಿ ಸತ್ತ ಮೇಲೆ ಅದನ್ನು ವಿಷವಿಲ್ಲದಂತೆ ಒಡೆದು ವಿಲೇವಾರಿ ಮಾಡುವ ವೆಚ್ಚವನ್ನು ಮಾಲೀಕನೇ ಮುಂಗಡವಾಗಿ ಠೇವಣಿ ಇಡಬೇಕು. ಬಹಳ ಒಳ್ಳೆಯ ಕಾನೂನು. ಆದರೆ ಗಾಡಿ ರಫ್ತಾದರೆ ಆ ಠೇವಣಿಯನ್ನು ಹಿಂದಕ್ಕೆ ಪಡೆಯಬಹುದು. ಅಂದರೆ ಗಾಡಿಯ ಅಂತ್ಯಸಂಸ್ಕಾರಕ್ಕೆಂದು ಎತ್ತಿಟ್ಟ ಹಣ ಶ್ರೀಮಂತ ದೇಶದಲ್ಲೇ ಉಳಿಯುತ್ತದೆ. ಹೆಣ ಮಾತ್ರ ಬಡ ದೇಶಕ್ಕೆ ಬರುತ್ತದೆ. ಅಗ್ಗದ ಬೆಲೆಯೊಳಗೆ ಅಡಗಿರುವ ಮೊದಲನೆಯ ಸಾಲ ಇದು. ಆ ಸಾಲವನ್ನು ತೀರಿಸುವವರು ಕೊಂಡವರ ಮಕ್ಕಳು.

ಫಿಲಿಪ್ಪೀನ್ಸಿನ ಗುಡ್ಡಗಳಲ್ಲಿ

ಭತ್ತದ ಸಂಶೋಧನೆಯ ನಿಮಿತ್ತ ಕೆಲವು ತಿಂಗಳು ನಾನು ಫಿಲಿಪ್ಪೀನ್ಸಿನ ಲಾಸ್ ಬಾನ್ಯೋಸ್‌ನಲ್ಲಿದ್ದೆ. ಬಿಡುವಿನಲ್ಲಿ ಉತ್ತರದ ಬೆಂಗೆಟ್ ಪ್ರಾಂತ್ಯದ ಗುಡ್ಡಗಳನ್ನು ನೋಡಿ ಬಂದೆ. ನಮ್ಮ ಮಲೆನಾಡಿನವರಿಗೆ ಆ ನೆಲ ಪರಕೀಯವೆನಿಸುವುದಿಲ್ಲ. ಮಂಜು, ಮಳೆ, ಜಾರುವ ಗುಡ್ಡ, ಮೆಟ್ಟಿಲು ಮೆಟ್ಟಿಲಾದ ಗದ್ದೆ. ದೇಶದ ಎಲೆಕೋಸು, ಆಲೂಗಡ್ಡೆ, ಗಜ್ಜರಿ, ಸ್ಟ್ರಾಬೆರಿಗಳ ದೊಡ್ಡ ಪಾಲು ಅಲ್ಲಿಂದ ಬರುತ್ತದೆ. ತರಕಾರಿ ಇಳಿಯುವ ಹಾಲ್ಸೆಮಾ ಹೆದ್ದಾರಿಯು ಆಟೋಕ್ ಎಂಬಲ್ಲಿ 2,255 ಮೀಟರ್ ಎತ್ತರವನ್ನು ಮುಟ್ಟುತ್ತದೆ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ಮೇಲೆ.

ಆ ದೇಶದ ಸಾರಿಗೆಯ ಚರಿತ್ರೆಯೇ ಹಳೆಯ ಗಾಡಿಯಿಂದ ಶುರುವಾಗುತ್ತದೆ. ಎರಡನೆಯ ಮಹಾಯುದ್ಧ ಮುಗಿದಾಗ ಅಮೆರಿಕದ ಸೇನೆ ಬಿಟ್ಟುಹೋದ ಜೀಪುಗಳನ್ನು ಜನ ಉದ್ದ ಮಾಡಿ, ಎದುರುಬದುರು ಬೆಂಚು ಹಾಕಿ, ಬಣ್ಣ ಬಳಿದು ‘ಜೀಪ್ನಿ’ಗಳನ್ನಾಗಿ ಮಾಡಿಕೊಂಡರು. ಜೀಪುಗಳು ಮುಗಿದಾಗ ಮೈಯನ್ನು ಊರಿನಲ್ಲೇ ತಗಡು ಬಡಿದು ಕಟ್ಟಿದರು. ಎಂಜಿನ್ನನ್ನು ಜಪಾನಿನ ಗುಜರಿಯಿಂದ ತರಿಸಿದರು. ದಶಕಗಳ ಕಾಲ ಬಡವನ ಬಸ್ಸನ್ನು ಎಳೆದದ್ದು ಇಸುಜು ಕಂಪನಿಯ ಹಳೆಯ ಡೀಸೆಲ್ ಎಂಜಿನ್ನುಗಳು. ನಮ್ಮ ಕಾಫಿ ತೋಟಗಳಲ್ಲಿ ಪೆಟ್ರೋಲ್ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸಿ ಓಡಿಸಿದ ಕಾಲವನ್ನು ಬಲ್ಲ ಹಿರಿಯರು ಇಲ್ಲಿ ಕುಳಿತಿದ್ದಾರೆ. ಅವರಿಗೆ ಈ ಜಾಣ್ಮೆಯ ಪರಿಚಯ ಬೇಕಿಲ್ಲ.

ಇನ್ನೊಂದು ಗಾಡಿಯ ಹೆಸರು ‘ಮಲ್ಟಿಕ್ಯಾಬ್’. ಜಪಾನಿನಲ್ಲಿ ‘ಕೇ’ ಎಂದು ಕರೆಯುವ ಪುಟ್ಟ ವಾಹನಗಳ ವರ್ಗವೊಂದಿದೆ. ಸುಜುಕಿ ಕ್ಯಾರಿ, ದೈಹತ್ಸು ಹೈಜೆಟ್, ಸುಬಾರು ಸಂಬಾರ್ ಮುಂತಾದವು ಆ ವರ್ಗದ ಸರಕು ಗಾಡಿಗಳು. 1990ರಿಂದ ಅವುಗಳ ಎಂಜಿನ್ ಮಿತಿ 660 ಸಿ.ಸಿ., ಹೊರೆಯ ಮಿತಿ 350 ಕಿಲೋ. ಇವು ಜಪಾನಿನ ರೈತನ ಕೈಯಲ್ಲಿ ಹತ್ತಾರು ವರ್ಷ ದುಡಿದು, ಸೆಬು ದ್ವೀಪದ ಮತ್ತು ಮಿಂಡನಾವೊದ ಜೋಡಣೆ ಗ್ಯಾರೇಜುಗಳಿಗೆ ಬಂದು ಹೊಸ ಜನ್ಮ ಪಡೆಯುತ್ತವೆ. ಚಾಸಿಸ್ಸನ್ನು ಉದ್ದಗೊಳಿಸಿ, ಹಿಂದೆ ಬೆಂಚು ಹಾಕಿದರೆ ಹತ್ತು ಹನ್ನೆರಡು ಜನ ಕೂರುವ ಬಾಡಿಗೆ ಗಾಡಿ ಸಿದ್ಧ. ಹೊಸ ಗಾಡಿಯ ಬೆಲೆಯ ಒಂದು ಅಂಶಕ್ಕೆ ಬಡ ಕುಟುಂಬವೊಂದಕ್ಕೆ ಉದ್ಯೋಗ ಸಿಕ್ಕಿತು, ಊರಿಗೆ ಸಾರಿಗೆ ಸಿಕ್ಕಿತು. ಈ ಉಪಕಾರವನ್ನು ಅಲ್ಲಗಳೆಯುವಂತಿಲ್ಲ.

ಬಲದಿಂದ ಎಡಕ್ಕೆ

ತೊಡಕು ಇಲ್ಲಿಂದ ಆರಂಭ. ಜಪಾನಿನಲ್ಲಿ ನಮ್ಮಂತೆಯೇ ರಸ್ತೆಯ ಎಡಬದಿಯಲ್ಲಿ ಸಂಚಾರ, ಚಾಲಕ ಕೂರುವುದು ಬಲಕ್ಕೆ. ಫಿಲಿಪ್ಪೀನ್ಸಿನಲ್ಲಿ 1945ರಿಂದ ಬಲಬದಿಯ ಸಂಚಾರ. ಆದ್ದರಿಂದ ಜಪಾನಿನಿಂದ ಬಂದ ಪ್ರತಿಯೊಂದು ಗಾಡಿಯ ಸ್ಟಿಯರಿಂಗನ್ನು ಬಲದಿಂದ ಎಡಕ್ಕೆ ಸಾಗಿಸಬೇಕು. 1998ರಲ್ಲಿ ಅಲ್ಲಿನ ಸಂಸತ್ತು ಬಲಗಡೆ ಸ್ಟಿಯರಿಂಗ್ ಇರುವ ವಾಹನಗಳ ನೋಂದಣಿಯನ್ನೂ ಓಡಾಟವನ್ನೂ ನಿಷೇಧಿಸಿ 8506ನೆಯ ಸಂಖ್ಯೆಯ ಕಾಯ್ದೆ ಮಾಡಿದ ಮೇಲೆ ಈ ಪರಿವರ್ತನೆ ಅನಿವಾರ್ಯವಾಯಿತು.

ವಿದ್ಯಾರ್ಥಿಗಳು ಇದನ್ನು ಗಮನವಿಟ್ಟು ಕೇಳಬೇಕು. ಸ್ಟಿಯರಿಂಗ್ ಚಕ್ರವನ್ನು ಬಿಚ್ಚಿ ಆಚೆ ಬದಿಗೆ ಜೋಡಿಸಿದರೆ ಕೆಲಸ ಮುಗಿಯಿತೆಂದು ಹೊರಗಿನವರಿಗೆ ತೋರುತ್ತದೆ. ಹಾಗಲ್ಲ.

ಮೊದಲನೆಯದು ಸ್ಟಿಯರಿಂಗಿನ ಹಲ್ಲಿನ ಪೆಟ್ಟಿಗೆ. ಅದನ್ನು ಹಿಡಿದಿಡುವ ಅಡ್ಡ ಕಬ್ಬಿಣದ ರಚನೆ ಒಂದು ಬದಿಗೆಂದೇ ರೂಪುಗೊಂಡಿರುತ್ತದೆ. ಅದೇ ಮಾದರಿಯ ಎಡಗೈ ಗಾಡಿಯ ಅಸಲಿ ಭಾಗಗಳನ್ನು ತಂದು ಜೋಡಿಸಿದರೆ ಸರಿ. ತರಲಾಗದವರು ವೆಲ್ಡಿಂಗ್ ಮಾಡಿ ಹೊಸ ಹಿಡಿಕೆ ಕಟ್ಟುತ್ತಾರೆ. ಇನ್ನೂ ಅಗ್ಗದ ದಾರಿ ಹಿಡಿದವರು ಹಳೆಯ ದಂಡವನ್ನು ಇದ್ದಲ್ಲೇ ಬಿಟ್ಟು, ಹೊಸ ಚಕ್ರದಿಂದ ಅದಕ್ಕೆ ಸೈಕಲ್ಲಿನಂತೆ ಚೈನು ಎಳೆಯುತ್ತಾರೆ. ಚೈನು ಸಡಿಲವಾದರೆ ತಿರುವಿನಲ್ಲಿ ಗಾಡಿ ಮಾತು ಕೇಳುವುದಿಲ್ಲ.

ಎರಡನೆಯದು ಬ್ರೇಕು. ಪೆಡಲು ಎಡಕ್ಕೆ ಬಂದರೂ ಬ್ರೇಕಿನ ಬೂಸ್ಟರ್ ಮತ್ತು ಮಾಸ್ಟರ್ ಸಿಲಿಂಡರುಗಳನ್ನು ಬಲಕ್ಕೇ ಬಿಟ್ಟು, ನಡುವೆ ಒಂದು ಅಡ್ಡ ಸರಳು ಕೊಡುವುದುಂಟು. ಜೋರಾಗಿ ಒತ್ತಿದಾಗ ಆ ಸರಳು ತಿರುಚಿಕೊಂಡರೆ ಕಾಲಿನ ಬಲವೆಲ್ಲ ಸರಳಿನಲ್ಲೇ ಕರಗುತ್ತದೆ, ಚಕ್ರವನ್ನು ಮುಟ್ಟುವುದಿಲ್ಲ.

ಮೂರನೆಯದು ಎಂಜಿನ್ನಿಗೂ ಚಾಲಕನಿಗೂ ನಡುವಿನ ತಗಡಿನ ಗೋಡೆ. ಅದನ್ನು ಒಂದೆಡೆ ಕೊರೆದು ಇನ್ನೊಂದೆಡೆ ಮುಚ್ಚಬೇಕು. ಬೆಸುಗೆ ಹಾಕಿದ ಕಡೆ ಬಣ್ಣ ಸುಟ್ಟು ತುಕ್ಕಿಗೆ ದಾರಿಯಾಗುತ್ತದೆ. ಡ್ಯಾಷ್‌ಬೋರ್ಡನ್ನು ಕತ್ತರಿಸಿ ಅಂಟಿಸಿದಾಗ ಅಪಘಾತದಲ್ಲಿ ಉಬ್ಬಬೇಕಾದ ಗಾಳಿಚೀಲವನ್ನು ಎಷ್ಟೋ ಬಾರಿ ಕೈಬಿಡಲಾಗುತ್ತದೆ. ಕೊಳ್ಳುವವನಿಗೆ ಮೇಲಿನ ಮುಚ್ಚಳ ಮಾತ್ರ ಕಾಣುತ್ತದೆ.

ನಾಲ್ಕನೆಯದು ಕಣ್ಣಿಗೆ ಬೀಳುವ ವಿಷಯವಾದರೂ ಯಾರೂ ಗಮನಿಸದ್ದು: ಹೆಡ್‌ಲೈಟು. ಎಡಬದಿಯ ಸಂಚಾರಕ್ಕೆಂದು ಮಾಡಿದ ದೀಪದ ಕೆಳಬೆಳಕು ರಸ್ತೆಯ ಎಡ ಅಂಚಿನ ಕಡೆಗೆ ಸ್ವಲ್ಪ ಮೇಲೇಳುತ್ತದೆ, ನಡೆದು ಹೋಗುವವರು ಕಾಣಲೆಂದು. ಅದೇ ದೀಪವನ್ನು ಬಲಬದಿಯ ಸಂಚಾರದಲ್ಲಿ ಉರಿಸಿದರೆ ಮೇಲೆದ್ದ ಬೆಳಕು ನೇರವಾಗಿ ಎದುರು ಬರುವವನ ಕಣ್ಣಿಗೆ ಹೊಡೆಯುತ್ತದೆ. ಮಳೆ ಒರೆಸುವ ವೈಪರಿನದೂ ಇದೇ ಕಥೆ. ಅದು ಬಲಗಡೆಯ ಚಾಲಕನ ಮುಂದಿನ ಗಾಜನ್ನು ಚೆನ್ನಾಗಿ ಒರೆಸುವಂತೆ ರಚಿತವಾಗಿದೆ. ಎಡಕ್ಕೆ ಕುಳಿತವನ ಮುಂದೆ, ಕಂಬದ ಪಕ್ಕದಲ್ಲಿ, ಒರೆಸದ ಒಂದು ಪಟ್ಟಿ ಉಳಿಯುತ್ತದೆ. ಆಷಾಢದ ಮಳೆಯಲ್ಲಿ ಘಾಟಿ ಇಳಿದವರಿಗೆ ಆ ಪಟ್ಟಿಯ ಬೆಲೆ ಎಷ್ಟೆಂದು ನಾನು ಹೇಳಬೇಕಾಗಿಲ್ಲ.

ಐದನೆಯದು ಹೊರೆ. 350 ಕಿಲೋಗೆಂದು ಮಾಡಿದ ಗಾಡಿಗೆ ಹನ್ನೆರಡು ಜನರನ್ನು, ಅವರ ಮೂಟೆಗಳನ್ನು ಹಾಕಿದರೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ತೋರಿಸುತ್ತೇನೆ. ಒಂದು ಟನ್ ತೂಕದ ಗಾಡಿ 500 ಮೀಟರ್ ಎತ್ತರದಿಂದ ಕೆಳಗಿಳಿದರೆ ಸುಮಾರು 49 ಲಕ್ಷ ಜೌಲ್‌ಗಳಷ್ಟು ಶಕ್ತಿ ಬಿಡುಗಡೆಯಾಗುತ್ತದೆ. ಗಾಡಿ ವೇಗ ಹೆಚ್ಚಿಸಿಕೊಳ್ಳದೆ ಇಳಿಯಬೇಕಾದರೆ ಈ ಶಕ್ತಿಯ ಬಹುಭಾಗ ಎಂಜಿನ್ನಿನ ಹಿಡಿತದಲ್ಲಿ ಮತ್ತು ಬ್ರೇಕಿನಲ್ಲಿ ಶಾಖವಾಗಬೇಕು. 30 ಡಿಗ್ರಿಯಲ್ಲಿರುವ 16 ಲೀಟರ್ ನೀರನ್ನು ಕುದಿಸಲು ಸಾಕಾಗುವಷ್ಟು ಶಾಖ ಅದು. ಹೊರೆ ಸೇರಿ ತೂಕ ಎರಡು ಟನ್ನಾದರೆ ಲೆಕ್ಕ 33 ಲೀಟರಿಗೆ ಏರುತ್ತದೆ. ನಮ್ಮ ಬಚ್ಚಲ ಹಂಡೆಯ ನೀರು ಕಾಯಲು ಎಷ್ಟು ಸೌದೆ ಬೇಕೆಂಬುದು ತಾಯಂದಿರಿಗೆ ಗೊತ್ತು. ಅಷ್ಟು ಬೆಂಕಿಯನ್ನು ಅಂಗೈಯಗಲದ ಬ್ರೇಕ್ ಪಟ್ಟಿಗಳು ಕೆಲವೇ ನಿಮಿಷಗಳಲ್ಲಿ ನುಂಗಬೇಕು. ನುಂಗಲಾರದಾದಾಗ ಬ್ರೇಕು ಕಾದು ಹಿಡಿತ ಬಿಡುತ್ತದೆ. ಬಯಲುಸೀಮೆಯಲ್ಲಿ ವರ್ಷಗಟ್ಟಲೆ ನಡೆಯುವ ಪರಿವರ್ತಿತ ಗಾಡಿಯು ಗುಡ್ಡದಲ್ಲಿ ಒಂದೇ ಮಧ್ಯಾಹ್ನದಲ್ಲಿ ಸೋಲುವುದು ಇದರಿಂದ.

ಕಾನೂನು ಒಂದು ಬಾಗಿಲು ಮುಚ್ಚಿದಾಗ

2002ರ ಡಿಸೆಂಬರಿನಲ್ಲಿ ಫಿಲಿಪ್ಪೀನ್ಸಿನ ಅಧ್ಯಕ್ಷೆ ಗ್ಲೋರಿಯಾ ಮಕಪಗಾಲ್ ಅರೋಯೊ ಅವರು 156ನೆಯ ಆದೇಶವನ್ನು ಹೊರಡಿಸಿ ಬಳಸಿದ ವಾಹನಗಳ ಆಮದನ್ನು ನಿಷೇಧಿಸಿದರು. ದೊಡ್ಡ ಲಾರಿ, ಬಸ್ಸು, ಅಗ್ನಿಶಾಮಕ ವಾಹನ, ಆಂಬುಲೆನ್ಸ್ ಮುಂತಾದವುಗಳಿಗೆ ಮತ್ತು ವಿದೇಶದಿಂದ ಮರಳಿದವರ ಸ್ವಂತ ಗಾಡಿಗಳಿಗೆ ವಿನಾಯಿತಿ ಇತ್ತು. ಆದೇಶದ ಮುಖ್ಯ ಉದ್ದೇಶ ದೇಶದೊಳಗಿನ ವಾಹನ ತಯಾರಿಕೆಯನ್ನು ರಕ್ಷಿಸುವುದು. ಬಡವನ ಸಾರಿಗೆ ಅಥವಾ ಗಾಳಿಯ ಶುದ್ಧಿ ಮೊದಲ ಚಿಂತೆಯಾಗಿರಲಿಲ್ಲ. ವ್ಯಾಪಾರಿಗಳು ನ್ಯಾಯಾಲಯಕ್ಕೆ ಹೋದರು. 2006ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ನಿಷೇಧ ದೇಶದಲ್ಲಿ ಸಿಂಧುವೆಂದೂ, ಆದರೆ ಸುಬಿಕ್ ಮುಕ್ತ ಬಂದರಿನ ಬೇಲಿಯೊಳಗೆ ಅನ್ವಯಿಸದೆಂದೂ ತೀರ್ಪಿತ್ತಿತು.

ಇಡೀ ಗಾಡಿಗೆ ಬಾಗಿಲು ಮುಚ್ಚಿದರೂ ಬಿಡಿ ಭಾಗಗಳ ಬಾಗಿಲು ತೆರೆದೇ ಇತ್ತು. ಹೀಗಾಗಿ ಗಾಡಿಗಳು ತುಂಡುಗಳಾಗಿ ಬಂದವು. ಎಂಜಿನ್ ಒಂದು ಕಡೆ, ಮೈ ಇನ್ನೊಂದು ಕಡೆ, ಚಾಸಿಸ್ ಮತ್ತೊಂದು ಕಡೆ. ಗ್ಯಾರೇಜಿನಲ್ಲಿ ಎಲ್ಲವನ್ನೂ ಬೆಸೆದು ‘ಪುನರ್ನಿರ್ಮಿತ’ ಎಂಬ ಹೆಸರಿನಲ್ಲಿ ನೋಂದಣಿ. ಮೊದಲು ಒಂದೇ ಪರಿವರ್ತನೆ ಇದ್ದಲ್ಲಿ ಈಗ ಕತ್ತರಿಸುವುದು, ಬೆಸೆಯುವುದು, ಬದಿ ಬದಲಿಸುವುದು ಎಂದು ಮೂರಾದವು. ಅಗತ್ಯವನ್ನು ಪೂರೈಸದೆ ಬರಿಯ ನಿಷೇಧವನ್ನು ಹೇರಿದರೆ ಅಪಾಯ ಹೋಗುವುದಿಲ್ಲ, ಕಣ್ಮರೆಯಾಗುತ್ತದೆ. ನಮ್ಮ ಕಾಡಿನ ಕಾನೂನುಗಳಲ್ಲಿ ನಾವು ಕಂಡ ಪಾಠವೂ ಇದೇ.

ಬೇರೆ ಬೇರೆ ದೇಶಗಳು ಈ ಎಡ ಬಲದ ಗಂಟನ್ನು ಬೇರೆ ಬೇರೆಯಾಗಿ ಬಿಡಿಸಿಕೊಂಡಿವೆ. ಬರ್ಮಾ 1970ರಲ್ಲಿ ಬಲಬದಿಯ ಸಂಚಾರಕ್ಕೆ ಬದಲಾಯಿತು. ಆದರೂ ದಶಕಗಳ ಕಾಲ ಜಪಾನಿನ ಬಲಗೈ ಗಾಡಿಗಳೇ ಅಲ್ಲಿ ಓಡಿದವು. ಮುಂದಿನ ಗಾಡಿಯನ್ನು ಹಿಂದಿಕ್ಕುವಾಗ ಚಾಲಕನಿಗೆ ಎದುರಿನ ರಸ್ತೆಯೇ ಕಾಣುತ್ತಿರಲಿಲ್ಲ. ಪೆಸಿಫಿಕ್ ಸಾಗರದ ಪುಟ್ಟ ದ್ವೀಪ ಸಮೋವಾ ಇನ್ನೂ ವಿಚಿತ್ರ ದಾರಿ ಹಿಡಿಯಿತು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಂದ ಅಗ್ಗದ ಹಳೆಯ ಕಾರುಗಳನ್ನು ತರಿಸಿಕೊಳ್ಳಲು ಅನುಕೂಲವಾಗಲೆಂದು 2009ರ ಸೆಪ್ಟೆಂಬರ್ 7ರಂದು ಇಡೀ ದೇಶದ ಸಂಚಾರವನ್ನೇ ಬಲದಿಂದ ಎಡಕ್ಕೆ ಬದಲಿಸಿತು. ಗಾಡಿಯನ್ನು ರಸ್ತೆಗೆ ಹೊಂದಿಸುವ ಬದಲು ರಸ್ತೆಯನ್ನೇ ಗಾಡಿಗೆ ಹೊಂದಿಸಿದ ಪ್ರಸಂಗ ಅದು.

ಘಾನಾದಲ್ಲಿ ಯುರೋಪಿನ ಹಳೆಯ ಸರಕು ವ್ಯಾನುಗಳ ತಗಡನ್ನು ಕೊರೆದು ಕಿಟಕಿ ಮಾಡಿ, ಒಳಗೆ ಬೆಂಚು ಬೆಸೆದು, ‘ಟ್ರೋಟ್ರೋ’ ಎಂಬ ಜನರ ಗಾಡಿಯಾಗಿ ಓಡಿಸುತ್ತಾರೆ. ಕುಮಾಸಿ ನಗರದ ಸುವಾಮೆ ಮ್ಯಾಗಜೀನ್ ಎಂಬ ಬಡಾವಣೆಯಂತೂ ಇಂತಹ ಗ್ಯಾರೇಜುಗಳದೇ ಊರು. ಅಲ್ಲಿನ ಕೈಚಳಕವನ್ನು ಮೆಚ್ಚಲೇಬೇಕು. ಆದರೆ ಗಾಡಿ ಮಗುಚಿದಾಗ ಮೈಯ ಬಲ ಕಾಪಾಡಬೇಕಾದ ತಗಡನ್ನೇ ಕೊರೆದಿರುತ್ತಾರೆ. ಬೆಂಚು ಬುಡಸಮೇತ ಕಿತ್ತುಬರುತ್ತದೆ. ಜಾಣ್ಮೆಗೆ ಅಳತೆಗೋಲೂ ತಪಾಸಣೆಯೂ ಜೊತೆಯಾಗದಿದ್ದರೆ ಅದು ಜೂಜಾಗುತ್ತದೆ.

ಗಾಳಿ, ಮಣ್ಣು ಮತ್ತು ಕೀಟ

ಇನ್ನು ನಮ್ಮ ಪತ್ರಿಕೆಯ ಓದುಗರಿಗೆ ಹತ್ತಿರವಾದ ಮಾತು. ಆಧುನಿಕ ಕಾರಿನ ಹೊಗೆಕೊಳವೆಯಲ್ಲಿ ವಿಷಾನಿಲಗಳನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಸಾಧನವಿದೆ. ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂಗಳಂತಹ ಬೆಲೆಬಾಳುವ ಲೋಹಗಳ ಲೇಪವಿರುತ್ತದೆ. ನೆದರ್ಲೆಂಡ್ಸಿನ ಸರ್ಕಾರಿ ತಪಾಸಣಾ ಸಂಸ್ಥೆಯು ಆಫ್ರಿಕಾಕ್ಕೆ ಹೊರಟಿದ್ದ ಗಾಡಿಗಳನ್ನು ಪರೀಕ್ಷಿಸಿ 2020ರಲ್ಲಿ ವರದಿ ನೀಡಿತು. ಹೆಚ್ಚಿನವು ಯುರೋ-4 ಮಟ್ಟಕ್ಕಿಂತ ಕೆಳಗಿನವು, ಹೆಚ್ಚಿನವಕ್ಕೆ ರಸ್ತೆಯೋಗ್ಯತೆಯ ಪತ್ರವಿರಲಿಲ್ಲ, ಕೆಲವುಗಳಿಂದ ಈ ಸಾಧನವನ್ನೇ ಕಿತ್ತುಕೊಳ್ಳಲಾಗಿತ್ತು. ಕನ್ವರ್ಟರ್ ಉಳಿದಿದ್ದರೂ ಗಂಧಕ ಹೆಚ್ಚಿರುವ ಇಂಧನವನ್ನು ಹಾಕಿದರೆ ಅದು ಕೆಲಸ ಮಾಡದು. ಎಂದರೆ ಗಾಡಿ, ಇಂಧನ, ತಪಾಸಣೆ ಈ ಮೂರೂ ಒಟ್ಟಿಗೆ ಸುಧಾರಿಸಬೇಕು. ಪಶ್ಚಿಮ ಆಫ್ರಿಕಾದ 15 ದೇಶಗಳು 2020ರಲ್ಲಿ ಒಟ್ಟಾಗಿ ಶುದ್ಧ ಇಂಧನ ಮತ್ತು ವಾಹನ ನಿಯಮಗಳನ್ನು ಒಪ್ಪಿ 2021ರ ಜನವರಿಯಿಂದ ಜಾರಿಗೆ ತರಲು ನಿರ್ಧರಿಸಿದ್ದು ಈ ತಿಳಿವಳಿಕೆಯಿಂದ.

ಹಳೆಯ ಗಾಡಿ ತನ್ನ ಜೊತೆ ಜೀವಿಗಳನ್ನೂ ತರುತ್ತದೆ ಎಂಬುದು ಬಹಳ ಜನರಿಗೆ ತಿಳಿಯದು. ಏಷ್ಯಾದ ಹುಲಿಸೊಳ್ಳೆ ಎಂಬ, ಡೆಂಗಿಯನ್ನು ಹರಡಬಲ್ಲ ಸೊಳ್ಳೆ 1985ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ನೆಲೆಯೂರಿದ್ದು ಕಂಡುಬಂತು. ಅದು ಹೋದದ್ದು ಏಷ್ಯಾದಿಂದ ಹಡಗಿನಲ್ಲಿ ಬಂದ ಹಳೆಯ ಟೈರುಗಳೊಳಗೆ, ಮೊಟ್ಟೆಯ ರೂಪದಲ್ಲಿ. 2018ರ ಫೆಬ್ರವರಿಯಲ್ಲಿ ಜಪಾನಿನಿಂದ ಕಾರುಗಳನ್ನು ಹೊತ್ತು ಬಂದ ಹಡಗುಗಳನ್ನು ನ್ಯೂಜಿಲೆಂಡ್ ಸರ್ಕಾರ ಬಂದರಿನಿಂದಲೇ ಹಿಂದಕ್ಕೆ ಕಳುಹಿಸಿತು. ಕಾರಣ, ಹಣ್ಣಿನ ತೋಟಗಳನ್ನು ಹಾಳುಮಾಡುವ ಒಂದು ಜಾತಿಯ ನಾರುವ ತಿಗಣೆ ಆ ಹಡಗುಗಳಲ್ಲಿ ಪತ್ತೆಯಾಗಿತ್ತು. ಲಕ್ಷಾಂತರ ಡಾಲರಿನ ಸರಕಿಗಿಂತ ತನ್ನ ತೋಟಗಳ ಆರೋಗ್ಯ ದೊಡ್ಡದೆಂದು ಆ ದೇಶ ಭಾವಿಸಿತು. ಪಾರ್ಥೇನಿಯಂ, ಯುಪಟೋರಿಯಂ ಕಳೆಗಳ ಕೈಯಲ್ಲಿ ಸಿಕ್ಕಿ ನರಳಿದ ನಾವು ಈ ಎಚ್ಚರವನ್ನು ಗೌರವಿಸಬೇಕು. ಹೊರಗಿನಿಂದ ತಂದ ಗಾಡಿಯ ಅಡಿಯಲ್ಲಿ ಒಣಗಿದ ಕೆಸರಿದ್ದರೆ ಅದನ್ನು ತೋಟದ ತೊರೆಯಲ್ಲಿ ತೊಳೆಯಬೇಡಿ. ಆ ಕೆಸರಿನೊಳಗೆ ಯಾವ ನೆಲದ ಬೀಜವಿದೆಯೋ ಬಲ್ಲವರಾರು?

ಗಾಡಿ ಕೊನೆಯುಸಿರೆಳೆದ ಮೇಲೆ ಉಳಿಯುವ ಹಳೆಯ ಎಣ್ಣೆ, ಬ್ಯಾಟರಿಯ ಸೀಸ ಮತ್ತು ಆಮ್ಲ, ಬ್ರೇಕಿನ ದ್ರವಗಳು ಇಳಿಯುವುದು ನಮ್ಮ ಬಾವಿಗೆ. ಇವನ್ನು ಸರಿಯಾಗಿ ಒಡೆಯುವ ವ್ಯವಸ್ಥೆ ತಾಲ್ಲೂಕಿನಲ್ಲಿ ಇಲ್ಲದಿರುವಾಗ ಮುದಿ ಗಾಡಿಗಳನ್ನು ಊರಿಗೆ ತುಂಬಿಕೊಳ್ಳುವುದು ಶೌಚಾಲಯವಿಲ್ಲದೆ ಜಾತ್ರೆ ಮಾಡಿದಂತೆ.

ಉಪಾಯಗಳೂ ಉಂಟು

ಕೀನ್ಯಾ ದೇಶ ನಮ್ಮಂತೆಯೇ ಎಡಬದಿಯ ಸಂಚಾರದ್ದು. ಅದು ಬಲಗೈ ಸ್ಟಿಯರಿಂಗಿನ, ಎಂಟು ವರ್ಷ ಮೀರದ ಗಾಡಿಗಳನ್ನು ಮಾತ್ರ ಒಳಬಿಡುತ್ತದೆ. ಹಡಗೇರುವ ಮುನ್ನವೇ ಕಳುಹಿಸುವ ದೇಶದಲ್ಲಿ ತಪಾಸಣೆಯಾಗಬೇಕು. ಇದರಿಂದ ಬದಿ ಬದಲಿಸುವ ಅಪಾಯವೇ ಇಲ್ಲವಾಯಿತು. ಅದೇ ನೈರೋಬಿಯಲ್ಲಿ 2017ರಲ್ಲಿ ಆರಂಭವಾದ ಒಂದು ಕಂಪನಿ ಸಫಾರಿ ಜೀಪುಗಳ ಡೀಸೆಲ್ ಎಂಜಿನ್ ತೆಗೆದು ವಿದ್ಯುತ್ ಮೋಟಾರು ಕೂರಿಸುವ ಕೆಲಸವನ್ನು ಮಾಡಿ ತೋರಿಸಿತು. ಪರಿವರ್ತನೆ ಎಂಬ ಮಾತಿಗೆ ಇಂತಹ ಒಳ್ಳೆಯ ಅರ್ಥವೂ ಉಂಟು. ಯುರೋಪಿನ ಆಯೋಗವು ರಸ್ತೆಗೆ ಯೋಗ್ಯವಲ್ಲದ ಗಾಡಿಗಳ ರಫ್ತನ್ನು ತಡೆಯುವ ಕರಡು ನಿಯಮವನ್ನು 2023ರಲ್ಲಿ ಮುಂದಿಟ್ಟಿತು. ಕೊಳ್ಳುವವನಷ್ಟೇ ಕಳುಹಿಸುವವನೂ ಹೊಣೆಗಾರನೆಂಬ ತತ್ತ್ವಕ್ಕೆ ಇದು ಮೊದಲ ಹೆಜ್ಜೆ.

ಭಾರತವು 2001ರಿಂದ ಬಳಸಿದ ಕಾರುಗಳ ಆಮದಿಗೆ ಬಿಗಿಯಾದ ಷರತ್ತುಗಳನ್ನು ಇಟ್ಟಿತು: ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟಿಯರಿಂಗ್ ಬಲಕ್ಕಿರಬೇಕು, ವೇಗಮಾಪಕ ಕಿಲೋಮೀಟರಿನಲ್ಲಿರಬೇಕು, ಹೆಡ್‌ಲೈಟಿನ ಬೆಳಕು ಎಡಬದಿಯ ಸಂಚಾರಕ್ಕೆ ತಕ್ಕಂತಿರಬೇಕು. ಭಾರಿ ಸುಂಕ ಬೇರೆ. ಆದ್ದರಿಂದ ಹಡಗೇರಿ ಬಂದ ಹಳೆಯ ಗಾಡಿಗಳ ಕಾಟ ನಮಗಿಲ್ಲ. ಆದರೆ ದೇಶದೊಳಗೇ ಸಿರಿವಂತ ನಗರದಿಂದ ಬಡ ಊರಿಗೆ ಹರಿಯುವ ಗಾಡಿಗಳ ಹೊಳೆಯೊಂದಿದೆ. ಅದು ನಮ್ಮ ಮನೆಬಾಗಿಲಿಗೆ ಬಂದಿದೆ.

ನಮ್ಮ ಘಾಟಿಯ ಪ್ರಶ್ನೆ

2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ದೆಹಲಿ ಪ್ರದೇಶದಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನಗಳ ಓಡಾಟಕ್ಕೆ ತಡೆಯೊಡ್ಡಿತು. ಪೆಟ್ರೋಲಿಗೆ 15 ವರ್ಷದ ಮಿತಿ ಬಂತು. 2018ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. 2025ರಲ್ಲಿ ಅದೇ ಕೋರ್ಟಿನ ಮುಂದೆ ವಿಷಯ ಮತ್ತೆ ಬಂದು ಕೆಲವು ಮಾರ್ಪಾಡುಗಳಾದವು. ಈ ನಡುವೆ ದೆಹಲಿಯಲ್ಲಿ ಬೆಲೆ ಕಳೆದುಕೊಂಡ ಗಾಡಿಗಳು ಎನ್.ಓ.ಸಿ. ಪಡೆದು ಬೇರೆ ರಾಜ್ಯಗಳಿಗೆ, ನಮ್ಮ ಕರ್ನಾಟಕಕ್ಕೂ ಬಂದವು. ದೆಹಲಿಯ ಗಾಳಿಗೆ ವಿಷವೆಂದು ನಿರ್ಧಾರವಾದ ಹೊಗೆ ಮಲೆನಾಡಿನ ಗಾಳಿಗೆ ಅಮೃತವಾಗುವುದಿಲ್ಲ. ಜಪಾನಿಗೂ ಫಿಲಿಪ್ಪೀನ್ಸಿಗೂ ಇರುವ ಸಂಬಂಧವೇ ದೆಹಲಿಗೂ ನಮ್ಮ ಹೋಬಳಿಗೂ ಏರ್ಪಡುತ್ತಿದೆ.

ಹಿಂಬದಿ ಕತ್ತರಿಸಿ ಪಿಕಪ್ ಮಾಡುವ ಮಾತಿಗೆ ಬರುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟವಾಗಿ ಎತ್ತಿಹೇಳಿದೆ. ಅನುಮೋದಿತ ಕಿಟ್ ಬಳಸಿ ಇಂಧನ ಬದಲಿಸುವಂತಹ ಕೆಲವು ಕೆಲಸಗಳಿಗೆ ಮಾತ್ರ, ಅನುಮತಿಯೊಡನೆ, ಅವಕಾಶವಿದೆ. ಕತ್ತರಿಸಿದ ಗಾಡಿ ಅಪಘಾತಕ್ಕೀಡಾದರೆ ವಿಮಾ ಕಂಪನಿ ಪರಿಹಾರ ನಿರಾಕರಿಸಲು ಅದೇ ಕಾರಣ ಸಾಕಾದೀತು. ಸರಕಿನ ಗಾಡಿಯಲ್ಲಿ ಮಕ್ಕಳನ್ನು ಕೂರಿಸುವುದಂತೂ ಕಾನೂನಿಗೂ ಮನಸ್ಸಾಕ್ಷಿಗೂ ವಿರುದ್ಧ.

ಆದ್ದರಿಂದ ಬಳಗದ ಮುಂದೆ ನನ್ನ ಸಲಹೆ ಹೀಗಿದೆ.

ಒಂದು: ಕತ್ತರಿಸಿ ಬೆಸೆಯುವ ಯಾವ ಯೋಜನೆಗೂ ಸಂಘ ಸಾಲ ಕೊಡಬಾರದು. ಆದರೆ ಗಾಡಿಯ ಬೇಡಿಕೆಯನ್ನೇ ತಳ್ಳಿಹಾಕಬಾರದು. ನಾಲ್ಕೈದು ಕುಟುಂಬಗಳು ಸೇರಿ ಕಂಪನಿಯಿಂದ ಪಿಕಪ್ ಆಗಿಯೇ ಹೊರಬಂದ, ಬಿ.ಎಸ್.-4 ಅಥವಾ ಅದಕ್ಕೂ ಮೇಲಿನ ಮಟ್ಟದ, ಹತ್ತಿರದ ಜಿಲ್ಲೆಯಲ್ಲೇ ಓಡಿದ ಸೆಕೆಂಡ್ ಹ್ಯಾಂಡ್ ಗಾಡಿಯನ್ನು ಕೊಳ್ಳುವುದಾದರೆ ಸಾಲ ಕೊಡಬೇಕು.

ಎರಡು: ಹೊರರಾಜ್ಯದ ಗಾಡಿಯನ್ನು ಕೊಳ್ಳಲೇಬೇಕೆಂದಿದ್ದರೆ ಬೆಲೆಯ ಜೊತೆ ಇಲ್ಲಿನ ತೆರಿಗೆ, ಮರುನೋಂದಣಿ, ದುರಸ್ತಿಗಳ ಲೆಕ್ಕವನ್ನೂ ಕಾಗದದ ಮೇಲೆ ಬರೆದು ನೋಡಿ. ಎನ್.ಓ.ಸಿ., ಆರ್.ಸಿ., ವಿಮೆ ಮೂರರಲ್ಲೂ ಎಂಜಿನ್ ಮತ್ತು ಚಾಸಿಸ್ ಸಂಖ್ಯೆ ಒಂದೇ ಆಗಿದೆಯೇ, ಬ್ಯಾಂಕಿನ ಸಾಲ ತೀರಿದೆಯೇ ಎಂದು ನೋಡಿ. ಓಡಿದ ಕಿಲೋಮೀಟರಿನ ಅಂಕಿಯನ್ನು ನಂಬಬೇಡಿ. ಪೆಡಲಿನ ರಬ್ಬರು, ಚಾಲಕನ ಸೀಟಿನ ಸವೆತ ಸುಳ್ಳು ಹೇಳುವುದಿಲ್ಲ.

ಮೂರು: ಗಾಡಿಯನ್ನು ಎತ್ತಿಸಿ ಅಡಿಯಿಂದ ನೋಡಿ. ಹೊಸ ಬಣ್ಣ ಬಳಿದ ಕಡೆಯೇ ತುಕ್ಕು, ಬೆಸುಗೆಗಳು ಅಡಗಿರುತ್ತವೆ. ಚಾಸಿಸ್ಸಿನಲ್ಲಿ ಬೆಸುಗೆ ಕಂಡರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಹಿಂದಿರುಗಿ. ಪರೀಕ್ಷೆಗೆ ಓಡಿಸುವುದು ಪೇಟೆಯ ಸಮರಸ್ತೆಯಲ್ಲಲ್ಲ, ನಮ್ಮ ಘಾಟಿಯಲ್ಲಿ. ಕೆಳಗಿಳಿದ ಮೇಲೆ ಬ್ರೇಕು ವಾಸನೆ ಹೊಡೆದರೆ ಅದೇ ಉತ್ತರ.

ನಾಲ್ಕು: ಹಳೆಯ ಎಣ್ಣೆ ಮತ್ತು ಬ್ಯಾಟರಿಗಳನ್ನು ಒಂದೆಡೆ ಸಂಗ್ರಹಿಸಿ ಅಧಿಕೃತರಿಗೆ ಒಪ್ಪಿಸುವ ಕೆಲಸವನ್ನು ವಿದ್ಯಾರ್ಥಿಗಳು ವಹಿಸಿಕೊಳ್ಳಲಿ. 2021ರಲ್ಲಿ ಕೇಂದ್ರ ಸರ್ಕಾರ ವಾಹನ ಗುಜರಿ ಕೇಂದ್ರಗಳ ನಿಯಮಗಳನ್ನು ಹೊರಡಿಸಿದೆ. ಆಯುಷ್ಯ ಮುಗಿದ ಗಾಡಿ ಅಂತಹ ನೋಂದಾಯಿತ ಕೇಂದ್ರಕ್ಕೇ ಹೋಗಬೇಕೆಂದು ಗ್ರಾಮಸಭೆಯಲ್ಲಿ ಠರಾವು ಮಾಡೋಣ.

ಐದು, ಎಲ್ಲಕ್ಕಿಂತ ಮುಖ್ಯವಾದದ್ದು: ಬೆಳಿಗ್ಗೆ ಮತ್ತು ಸಂಜೆ ಇನ್ನೊಂದೊಂದು ಬಸ್ಸಿಗಾಗಿ ಒಟ್ಟಾಗಿ ಒತ್ತಾಯಿಸೋಣ. ಶಾಲೆಗೆ ಹೋಗುವ ಮಗುವಿಗೆ ಬೇಕಾದದ್ದು ಸ್ವಂತ ಗಾಡಿಯಲ್ಲ, ಹೊತ್ತಿಗೆ ಬರುವ ಸುರಕ್ಷಿತ ಗಾಡಿ. ಸಾರ್ವಜನಿಕ ಸಾರಿಗೆ ಸೋತಲ್ಲೆಲ್ಲ ಗುಜರಿಯ ವ್ಯಾಪಾರ ಗೆದ್ದಿದೆ. ಫಿಲಿಪ್ಪೀನ್ಸಿನ ಜೀಪ್ನಿಯಿಂದ ಘಾನಾದ ಟ್ರೋಟ್ರೋವರೆಗೆ ನಾನು ಕಂಡ, ಓದಿದ ಎಲ್ಲ ಕಥೆಗಳ ಸಾರ ಇಷ್ಟೇ.

ಯೋಜನೆ ತಂದ ಯುವಕರು ಈ ಸಭೆಯಲ್ಲೇ ಇದ್ದಾರೆ. ಅವರು ನಮ್ಮ ಮಕ್ಕಳೇ. ಅವರ ಉತ್ಸಾಹಕ್ಕೆ ತಣ್ಣೀರೆರಚಿ ಕಳುಹಿಸುವುದು ಸಭೆಯ ಧರ್ಮವಲ್ಲ. ಲೆಕ್ಕದ ಪುಸ್ತಕ ತೆಗೆದುಕೊಂಡು ಅವರೊಡನೆ ಕೂರಲು ನಾನು ಸಿದ್ಧನಿದ್ದೇನೆ. ಊರಿನ ಅನುಭವಿ ಮೆಕ್ಯಾನಿಕರೂ ಬರಲಿ.